ಉಣ್ಣೆ ನೂಲುವವರ ಪ್ರಶ್ನೆಗಳು

ಪ್ರಶ್ನೆ: ಕುರಿಗಾರರಿಂದ ಎರಡು ಕಿಲೋ ಕರಿ ಉಣ್ಣೆ ತಂದು ತಕಲಿಯಲ್ಲಿ ನೂತು ಸ್ವೆಟರ್ ಹೆಣೆದೆ. ಮೈಗೆ ಮುಳ್ಳಿನಂತೆ ಚುಚ್ಚುತ್ತದೆ. ಇನ್ನೊಮ್ಮೆ ತೊಳೆದರೆ ಮೆತ್ತಗಾದೀತೇ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಆಗದು. ಚುಚ್ಚುವುದು ಕೊಳೆಯಲ್ಲ, ಎಳೆಯ ದಪ್ಪ. ಬಟ್ಟೆಯಿಂದ ಹೊರಚಾಚಿದ ಎಳೆ ಸುಮಾರು 30 ಮೈಕ್ರಾನ್‌ಗಿಂತ (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪಗಿದ್ದರೆ ಚರ್ಮಕ್ಕೆ ತಾಗಿದಾಗ ಬಾಗದೆ ಒತ್ತುತ್ತದೆ. ಅಂಥವು ನೂರಕ್ಕೆ ಐದಿದ್ದರೂ ತುರಿಕೆ ಶುರು. ನಮ್ಮ ಕಡೆಯ ದಖನಿ ಕುರಿಯ ತುಪ್ಪಟದಲ್ಲಿ ಉಣ್ಣೆಯ ಜೊತೆ ಗಟ್ಟಿ ಕೂದಲೂ ಬೆರೆತಿರುತ್ತದೆ. ಅದು ಕಂಬಳಿಯ ಉಣ್ಣೆ. ಮಳೆ, ಮುಳ್ಳು, ನೆಲ ಎಲ್ಲಕ್ಕೂ ಬಾಳುತ್ತದೆ. ಅದನ್ನು ಮೆರಿನೋ (ನವಿರು ಉಣ್ಣೆಯ ಕುರಿತಳಿ) ಆಗು ಎಂದರೆ ಕೇಳೀತೇ?

ಮುಂದಿನ ಸಲಕ್ಕೆ ಎರಡು ಉಪಾಯಗಳಿವೆ. ಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನೇ ಬೇರೆಯಾಗಿ ಕೇಳಿ ತನ್ನಿ. ಅದು ದೊಡ್ಡ ಕುರಿಯದಕ್ಕಿಂತ ನವಿರು. ದೊಡ್ಡ ಕುರಿಯದೇ ಸಿಕ್ಕರೆ ಹಿಂಜುವ ಮುನ್ನ ವಿಂಗಡಿಸಿ. ಭುಜ ಮತ್ತು ಪಕ್ಕೆಯ ಉಣ್ಣೆ ಒಂದು ರಾಶಿ, ತೊಡೆ ಮತ್ತು ಬಾಲದ ಕಡೆಯದು ಇನ್ನೊಂದು. ಹೊಟ್ಟೆಯದನ್ನು ಬಿಟ್ಟುಬಿಡಿ, ಕಸವೇ ಹೆಚ್ಚು. ಮೊದಲ ರಾಶಿಯಲ್ಲೂ ಹೊಳಪಿಲ್ಲದ, ಬಾಗಿಸಿದರೆ ಮುರಿಯುವ ದಪ್ಪ ಕೂದಲು ಕಂಡರೆ ಆರಿಸಿ ತೆಗೆಯಿರಿ. ಅದು ಹುರಿಗೆ (ನೂಲುವಾಗ ಎಳೆಗಳಿಗೆ ಕೊಡುವ ತಿರುಚು) ಒಗ್ಗುವುದಿಲ್ಲ, ಬಣ್ಣವನ್ನೂ ಸರಿಯಾಗಿ ಹೀರುವುದಿಲ್ಲ. ಇಷ್ಟೆಲ್ಲ ಮಾಡಿದರೂ ಅಂಗಿಯ ಮೇಲೆ ತೊಡುವ ಕೋಟಾದೀತೇ ಹೊರತು ಬರಿಮೈಗೆ ಹಾಕುವಂಥದ್ದಾಗದು. ಈಗಿನ ಸ್ವೆಟರಿಗೆ ಒಳಗಿನಿಂದ ಹತ್ತಿಬಟ್ಟೆಯ ಅಸ್ತರಿ ಕೊಡಿಸಿ, ಚೆನ್ನಾಗಿರುತ್ತದೆ.

ಪ್ರಶ್ನೆ: ನೂಲುವಾಗ ದಾರ ಪದೇ ಪದೇ ತುಂಡಾಗುತ್ತದೆ. ಹುರಿ ಹೆಚ್ಚಿಸಿದರೆ ಗಂಟುಗಂಟಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ತುಂಡಾದ ತುದಿಯನ್ನು ಮೊದಲು ನೋಡಿ. ತುದಿ ಕುಂಚದಂತೆ ಸಪೂರವಾಗಿ ಬಿಚ್ಚಿಕೊಂಡಿದ್ದರೆ ಎಳೆಗಳು ಒಂದರಮೇಲೊಂದು ಜಾರಿವೆ ಎಂದರ್ಥ: ಹುರಿ ಸಾಲದು. ಕತ್ತರಿಸಿದಂತೆ ಮೊಂಡಾಗಿದ್ದರೆ ಹುರಿ ಮಿತಿಮೀರಿದೆ, ಇಲ್ಲವೇ ಉಣ್ಣೆಯೇ ಜೀವ ಕಳೆದುಕೊಂಡಿದೆ. ತೊಳೆದ ಉಣ್ಣೆಯ ಒಂದು ಜೊಂಪೆಯನ್ನು ಎರಡೂ ತುದಿ ಹಿಡಿದು ಕಿವಿಯ ಬಳಿ ಝಟ್ಟನೆ ಎಳೆಯಿರಿ. ತಂತಿ ಮೀಟಿದಂತೆ ಕೇಳಿದರೆ ಸರಿ. ಚರಚರ ಎಂದರೆ ಆ ಉಣ್ಣೆ ನೂಲಲು ಬೇಡ, ದಿಂಬಿಗೆ ತುಂಬಿ.

ಹೊಸಬರಲ್ಲಿ ಹೆಚ್ಚಾಗಿ ಕಾಣುವ ತಪ್ಪು ಕೈಗಳ ಅಂತರದ್ದು. ಒಂದು ಎಳೆಯನ್ನು ಬಿಡಿಸಿ ಅಳೆಯಿರಿ. ಅದು 7 ಸೆಂಟಿಮೀಟರ್ ಇದ್ದರೆ ಎರಡು ಕೈಗಳ ನಡುವೆ 8–9 ಸೆಂಟಿಮೀಟರ್ ಇರಲಿ. ಅದಕ್ಕಿಂತ ಹತ್ತಿರ ಹಿಡಿದರೆ ಒಂದೇ ಎಳೆಯ ಎರಡೂ ತುದಿ ನಿಮ್ಮ ಮುಷ್ಟಿಯಲ್ಲಿರುತ್ತವೆ, ಎಳೆದರೂ ಜಗ್ಗದು. ತೀರಾ ದೂರ ಹಿಡಿದರೆ ನಡುವೆ ಹಿಡಿತವಿಲ್ಲದ ಎಳೆಗಳು ಗುಂಪುಗೂಡಿ ಒಂದು ಕಡೆ ದಪ್ಪ, ಒಂದು ಕಡೆ ಸಪೂರವಾಗುತ್ತದೆ. ಹುರಿ ಸದಾ ಸಪೂರ ಜಾಗಕ್ಕೇ ಓಡುತ್ತದೆ. ದಪ್ಪ ಭಾಗ ಮೆದುವಾಗಿಯೂ ಸಪೂರ ಭಾಗ ಸುರುಳಿಯಾಗಿಯೂ ಉಳಿಯುವುದು ಇದರಿಂದಲೇ. ಹಾಗಾಗಿ ಹುರಿ ಹೆಚ್ಚಿಸಿ ಪ್ರಯೋಜನವಿಲ್ಲ, ಹಂಜಿ (ನೂಲಲು ಹಿಂಜಿ ಸುತ್ತಿಟ್ಟ ಉಣ್ಣೆಯ ಸುರುಳಿ) ಸಮವಾಗಬೇಕು. ಹಿಂಜುವುದರಲ್ಲಿ ಉಳಿಸಿದ ಅರ್ಧ ಗಂಟೆ ನೂಲುವಾಗ ಎರಡು ಗಂಟೆ ತಿನ್ನುತ್ತದೆ.

ಉಣ್ಣೆ ಒಣಗಿ ಹಾರಾಡುತ್ತಿದ್ದರೆ 100 ಗ್ರಾಂಗೆ ಅರ್ಧ ಚಮಚ ಕೊಬ್ಬರಿ ಎಣ್ಣೆಯನ್ನು ನಾಲ್ಕು ಚಮಚ ಬಿಸಿನೀರಿನಲ್ಲಿ ಕದಡಿ ಚಿಮುಕಿಸಿ, ರಾತ್ರಿಯಿಡೀ ಮುಚ್ಚಿಡಿ. ಮನೆಯಲ್ಲಿದೆ ಎಂದು ಅಗಸೆ ಅಥವಾ ಕುಸುಬೆ ಎಣ್ಣೆ ಬಳಸಬೇಡಿ. ಅವು ಗಾಳಿಗೆ ಅಂಟಾಗಿ ಹಳದಿಗಟ್ಟುತ್ತವೆ, ಆಮೇಲೆ ತೊಳೆದರೂ ಹೋಗವು.

ಪ್ರಶ್ನೆ: ಇಲ್ಲಿನ ಫಾರಂ ಒಂದರಿಂದ ತಂದ ಮೆರಿನೋ ತುಪ್ಪಟವನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದೆ. ಚಾಪೆಯಂತೆ ಒಂದೇ ಮುದ್ದೆಯಾಯಿತು.
– ಕನ್ನಡತಿಯೊಬ್ಬರು, ಮೆಲ್ಬರ್ನ್

ಉತ್ತರ: ಆ ಮುದ್ದೆಯನ್ನು ಬಿಡಿಸಲಾಗದು. ಉಣ್ಣೆಯ ಎಳೆಯ ಮೇಲೆ ಹೆಂಚು ಹೊದೆಸಿದಂತೆ ಹುರುಪೆಗಳಿವೆ. ಒದ್ದೆಯಲ್ಲಿ ಅವು ನಿಮಿರುತ್ತವೆ, ಉಜ್ಜಿದಾಗ ಒಂದಕ್ಕೊಂದು ಸಿಕ್ಕಿ ಹಿಂದೆ ಸರಿಯಲಾರದೆ ಬಿಗಿಯುತ್ತವೆ. ತಪ್ಪು ಬಿಸಿನೀರಿನದಲ್ಲ, ಉಜ್ಜಿದ್ದರದು. ಮೆರಿನೋಗೆ ಬಿಸಿನೀರು ಬೇಕೇಬೇಕು, ಅದರ ಜಿಡ್ಡು ಕರಗುವುದೇ 40 ಡಿಗ್ರಿಯ ಆಸುಪಾಸಿನಲ್ಲಿ.

250 ಗ್ರಾಂ ಉಣ್ಣೆಯನ್ನು ಬಲೆಚೀಲದಲ್ಲಿ ಸಡಿಲವಾಗಿ ತುಂಬಿ. 10 ಲೀಟರ್ ನೀರು 60 ಡಿಗ್ರಿಗೆ ಬಂದ ಮೇಲೆ ಪಾತ್ರೆ ತೊಳೆಯುವ ದ್ರವ ಎರಡು ದೊಡ್ಡ ಚಮಚ ಬೆರೆಸಿ, ಚೀಲವನ್ನು ಮುಳುಗಿಸಿ ಸುಮ್ಮನೆ ಬಿಡಿ. ಕಲಕಬೇಡಿ, ಮೇಲೆ ನಲ್ಲಿ ಬಿಡಬೇಡಿ. 15 ನಿಮಿಷಕ್ಕೆ ಎತ್ತಿ. ನೀರು 45ಕ್ಕಿಂತ ತಣಿದರೆ ಕರಗಿದ ಜಿಡ್ಡು ಮತ್ತೆ ಎಳೆಗೇ ಅಂಟಿ ಗೋಂದಾಗುತ್ತದೆ. ಇನ್ನೊಮ್ಮೆ ಸೋಪು, ಆಮೇಲೆ ಎರಡು ಸಲ ಬರಿನೀರು, ಎಲ್ಲವೂ ಅಷ್ಟೇ ಬಿಸಿ. ಬಟ್ಟೆ ಸೋಡಾ ಹಾಕಲೇಬೇಡಿ. ಕ್ಷಾರ ಉಣ್ಣೆಯನ್ನು ತಿನ್ನುತ್ತದೆ.

ದಖನಿ ಉಣ್ಣೆಯ ಲೆಕ್ಕ ಬೇರೆ. ಅದರಲ್ಲಿ ಜಿಡ್ಡು ಕಡಿಮೆ, ಮಣ್ಣು ಹೆಚ್ಚು. ಕೊಡವಿ, ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಅಂಟುವಾಳದ ಬೆಚ್ಚನೆ ನೀರಿನಲ್ಲಿ ಅದ್ದಿ ತೆಗೆದರೆ ಸಾಕು.

ಪ್ರಶ್ನೆ: ಹತ್ತಿ ನೂಲುವ ಪೆಟ್ಟಿಗೆ ಚರಕದಲ್ಲಿ ಉಣ್ಣೆ ನೂಲಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಯಾವ ಉಣ್ಣೆ ಎಂಬುದರ ಮೇಲಿದೆ. ಆ ಚರಕದಲ್ಲಿ ಹಿಡಿ ಒಂದು ಸುತ್ತು ತಿರುಗಿದರೆ ಕದಿರು (ದಾರ ಸುತ್ತಿಕೊಳ್ಳುವ ಕಡ್ಡಿ) ಹಲವು ಹತ್ತು ಸುತ್ತು ತಿರುಗುತ್ತದೆ. ಗಿಡ್ಡ ಎಳೆಯ ಹತ್ತಿಗೆ ಅಷ್ಟು ಹುರಿ ಬೇಕು. ಕಂಬಳಿಯ ದಪ್ಪ ದಾರಕ್ಕೆ ಅದು ವಿಪರೀತ, ಸಣ್ಣ ಕದಿರು ಐದು ನಿಮಿಷದಲ್ಲಿ ತುಂಬಿಯೂ ಹೋಗುತ್ತದೆ. ನವಿರಾದ ಗಿಡ್ಡ ಎಳೆಗಾದರೆ ಚೆನ್ನಾಗಿ ಒಗ್ಗುತ್ತದೆ. 12ರಿಂದ 16 ಮೈಕ್ರಾನಿನ ಪಶ್ಮೀನಾವನ್ನು ಕಾಶ್ಮೀರದ ಹೆಂಗಸರು ಕದಿರಿನ ಚರಕದಲ್ಲೇ ನೂಲುತ್ತಾರೆ. ಲಡಾಖಿನ ಮೇಕೆಯ ಆ ಒಳತುಪ್ಪಳದಿಂದ ಗಡಸು ಕೂದಲು ಬೇರ್ಪಡಿಸಿ, ಅಕ್ಕಿಹಿಟ್ಟು ಹಚ್ಚಿಟ್ಟು ಜಿಡ್ಡು ತೆಗೆದು ನೂಲುವುದು ಅಲ್ಲಿನ ಪದ್ಧತಿ. ಅಂಗೋರಾ ಮೊಲದ ಕೂದಲೂ ಇದರಲ್ಲಿ ಬರುತ್ತದೆ. ನುಣುಪು ಜಾಸ್ತಿ, ಜಾರುತ್ತದೆ, ಹಾಗಾಗಿ ಮೆರಿನೋಗಿಂತ ಹುರಿ ಹೆಚ್ಚು ಕೊಡಿ. ಕಲಿಯುವಾಗ ಮೂರು ಪಾಲು ಮೆರಿನೋಗೆ ಒಂದು ಪಾಲು ಅಂಗೋರಾ ಬೆರೆಸಿ ಹಿಂಜಿದರೆ ಕೈ ಕುದುರುತ್ತದೆ.

ಪ್ರಶ್ನೆ: ಮನೆಯ ನಾಯಿಯ ಕೂದಲು?
– ಓದುಗರೊಬ್ಬರು, ಮೈಸೂರು

ಉತ್ತರ: ಬಾಚುವಾಗ ಬರುವ ಮೆತ್ತನೆಯ ಒಳಕೂದಲು 4 ಸೆಂಟಿಮೀಟರಿಗಿಂತ ಉದ್ದವಿದ್ದರೆ ಆಗುತ್ತದೆ. ಕತ್ತರಿಸಿದ್ದು ಬೇಡ. ಕುರಿ ಉಣ್ಣೆ ಅರ್ಧಕ್ಕರ್ಧ ಬೆರೆಸಿ; ಇಲ್ಲದಿದ್ದರೆ ದಾರ ಜೋತುಬೀಳುತ್ತದೆ. ಲ್ಯಾಬ್ರಡಾರಿನ ಗಿಡ್ಡ ಕೂದಲಿಗೆ ಕೈಹಾಕಬೇಡಿ.

ಪ್ರಶ್ನೆ: ಹೆಣೆಯುವ ದಾರವನ್ನು ಎರಡೆಳೆ ಮಾಡಿ ಹೊಸೆಯುತ್ತೇವೆ. ಕಂಬಳಿಗೆ ಒಂಟಿ ಎಳೆಯೇ ಸಾಕಾಗುವುದು ಹೇಗೆ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಎರಡೆಳೆಯನ್ನು ನೂತದ್ದಕ್ಕೆ ಎದುರು ದಿಕ್ಕಿನಲ್ಲಿ ಹೊಸೆದಾಗ ಎರಡರ ಬಿಗುವೂ ಒಂದನ್ನೊಂದು ಸಮ ಮಾಡುತ್ತವೆ, ಹೆಣೆದ ಬಟ್ಟೆ ಓರೆಯಾಗದು. ಕಂಬಳಿಯಲ್ಲಿ ಒಂಟಿ ಎಳೆಗೆ ಬಲ ಕೊಡುವುದು ಹುಣಸೆಬೀಜದ ಗಂಜಿ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು, ಬೇಯಿಸಿದ ಗಂಜಿಯನ್ನು ಬಿಗಿಯಾಗಿ ಎಳೆದು ಕಟ್ಟಿದ ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಹಾಯುವ) ದಾರಕ್ಕೆ ಕುಂಚದಿಂದ ಒಂದೇ ದಿಕ್ಕಿಗೆ ಸವರುತ್ತಾರೆ. ಹೊರಚಾಚಿದ ಕೂದಲು ಮಲಗುತ್ತದೆ, ಮಗ್ಗದಲ್ಲಿ ಪಕ್ಕದ ದಾರಕ್ಕೆ ಸಿಕ್ಕದು, ಒಂಟಿ ಎಳೆಯೂ ಜಗ್ಗಾಟ ತಾಳುತ್ತದೆ. ಗಂಜಿ ನೀರಾದರೆ ಕೂದಲು ಮತ್ತೆ ಏಳುತ್ತದೆ. ಮಂದವಾದರೆ ಒಣಗಿದ ಮೇಲೆ ದಾರ ಸೆಟೆದು ಮುರಿಯುತ್ತದೆ. ಹೊಕ್ಕಿನ (ಅಡ್ಡಕ್ಕೆ ಹಾಯುವ) ದಾರಕ್ಕೆ ಅಂಥ ಎಳೆತವಿಲ್ಲ. ಅದನ್ನು ಹಾಸಿನದಕ್ಕಿಂತ ಸಡಿಲ ಹುರಿಯಲ್ಲಿ, ತುಸು ದಪ್ಪಗೆ ನೂಲಿ. ಕಂಬಳಿ ಬೆಚ್ಚಗಾಗುವುದು ಅದರಲ್ಲಿ ಸಿಕ್ಕ ಗಾಳಿಯಿಂದ.