ಮಗ್ ಬಂತು, ಸಂಬಳ ಬರಲಿಲ್ಲ

ಎಲ್-1 ವೀಸಾದಲ್ಲಿ, ಅಂದರೆ ಕಂಪನಿಯೇ ತನ್ನ ಇಲ್ಲಿನ ಆಫೀಸಿಗೆ ಕಳಿಸಿಕೊಡುವ ವೀಸಾದಲ್ಲಿ, ಅಮೆರಿಕಕ್ಕೆ ಬಂದು ಆರು ತಿಂಗಳಾಯಿತು, ಕೈಯಲ್ಲಿ ಬಿ.ಇ. ಇದೆ, ಇಲ್ಲೊಂದು ಎಂ.ಎಸ್. ಮಾಡಿದರೆ ಸಂಬಳ ಜಾಸ್ತಿ ಆಗುತ್ತಾ, ಪಿಎಚ್.ಡಿ. ತನಕ ಹೋಗಲಾ ಅಂತ ಕೇಳಿದ್ದೀರಿ.

ಅಂಕಿ ನೋಡಿದರೆ ಹೌದು. ಇಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರತಿ ವರ್ಷ ಪಟ್ಟಿ ಹಾಕುತ್ತದೆ. 2023ರಲ್ಲಿ ಹೈಸ್ಕೂಲಿಗೇ ನಿಲ್ಲಿಸಿದವರ ವಾರದ ಗಳಿಕೆ 899 ಡಾಲರ್, ಬ್ಯಾಚುಲರ್ಸ್ ಆದವರದು 1,493, ಮಾಸ್ಟರ್ಸ್‌ಗೆ 1,737, ಡಾಕ್ಟರೇಟ್‌ಗೆ 2,109. ಆದರೆ ಇವೆಲ್ಲ ನಡುಮಟ್ಟದ ಅಂಕಿ. ಅರ್ಧ ಜನ ಅದಕ್ಕಿಂತ ಕೆಳಗೇ ಇರುತ್ತಾರೆ, ಅಲ್ವಾ? ನಮ್ಮ ಆಫೀಸಿನ ಲಿಫ್ಟ್ ರಿಪೇರಿಗೆ ಬರುವವನು ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ನಾಲ್ಕು ವರ್ಷ ಸಂಬಳ ತಗೊಂಡೇ ಕೆಲಸ ಕಲಿತ. ಆ ಕಸುಬಿನ ನಡುಮಟ್ಟದ ಗಳಿಕೆ ವರ್ಷಕ್ಕೆ ಲಕ್ಷ ಡಾಲರ್ ದಾಟುತ್ತದೆ. ಅವನು ಬರುವುದು ತಡವಾದ ದಿನ ಡಾಕ್ಟರೇಟ್ ಆದವರೂ ಮೆಟ್ಟಿಲು ಹತ್ತುತ್ತಾರೆ.

ನನ್ನ ಕಥೆ ಕೇಳಿ. ಕೆಲಸ ಮಾಡುತ್ತಲೇ ಮೂರು ವರ್ಷ ಸಂಜೆ ಕ್ಲಾಸಿಗೆ ಹೋಗಿ ಮಾಸ್ಟರ್ಸ್ ಮುಗಿಸಿದೆ. ಸರ್ಟಿಫಿಕೇಟ್ ಹಿಡಿದು ಮ್ಯಾನೇಜರ್ ಹತ್ತಿರ ಹೋದರೆ ಕೈಕುಲುಕಿದರು. ಮುಂದಿನ ತಿಂಗಳ ಪೇ ಸ್ಲಿಪ್‌ನಲ್ಲಿ ಒಂದು ಡಾಲರೂ ಏರಿರಲಿಲ್ಲ. ಲಾಭ ಅಂತ ಆದದ್ದು ಯೂನಿವರ್ಸಿಟಿ ಹೆಸರಿನ ಒಂದು ಮಗ್. ಈಗಲೂ ಮೇಜಿನ ಮೇಲಿದೆ, ಅದರಲ್ಲಿ ಪೆನ್ನು ಇಡುತ್ತೇನೆ. ಸಂಬಳ ಏರಿದ್ದು ಒಂದೂವರೆ ವರ್ಷದ ಮೇಲೆ, ಕಂಪನಿ ಬಿಟ್ಟಾಗ.

ನಿಮ್ಮ ತೊಡಕು ಇರುವುದೂ ಅಲ್ಲೇ. ಎಲ್-1ನಲ್ಲಿ ಕಂಪನಿ ಬದಲಿಸುವ ಹಾಗಿಲ್ಲ. ಅವರು ಕೊಟ್ಟಷ್ಟೇ ಸಂಬಳ. ಬೇರೆ ಕಂಪನಿಗೆ ಹೋಗಲು ಎಚ್-1ಬಿ ಅನ್ನುವ ಕೆಲಸದ ವೀಸಾ ಬೇಕು. ಅದಕ್ಕೆ ವರ್ಷಕ್ಕೆ 65,000 ಜಾಗ, ಇಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಬೇರೆ 20,000. ಅರ್ಜಿ ಜಾಗಕ್ಕಿಂತ ಜಾಸ್ತಿ ಬಂದಾಗ ಆಯ್ಕೆ ನಡೆಯುತ್ತದೆ. ಮಾಸ್ಟರ್ಸ್ ಇದ್ದರೆ ಅದರ ಮೊದಲ ಸುತ್ತಿನಲ್ಲಿ ಹೆಸರು ಬರದಿದ್ದರೂ ಇನ್ನೊಂದು ಅವಕಾಶ ಇರುತ್ತದೆ. ನಿಮ್ಮ ಮಟ್ಟಿಗೆ ಎಂ.ಎಸ್. ಬೆಲೆ ಅಷ್ಟೇ, ಆದರೆ ಅದು ಸಣ್ಣದೇನಲ್ಲ.

ಒಂದು ಎಚ್ಚರಿಕೆ. ಲಾಭಕ್ಕೆ ನಡೆಸುವ ಕಾಲೇಜಿನ ಡಿಗ್ರಿ ಆ 20,000ಕ್ಕೆ ನಡೆಯುವುದಿಲ್ಲ. ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯೇ ಆಗಬೇಕು, ಮಾನ್ಯತೆಯೂ ಇರಬೇಕು. ಜಾಹೀರಾತು ನೋಡಿ ಸುಮ್ನೆ ದುಡ್ಡು ಕಟ್ಟಬೇಡಿ. ಕಂಪನಿಯೇ ಫೀಸು ಕೊಡುತ್ತಾ ಅಂತಲೂ ಎಚ್‌ಆರ್ ಹತ್ತಿರ ಕೇಳಿ. ವರ್ಷಕ್ಕೆ 5,250 ಡಾಲರ್ ತನಕ ಹೀಗೆ ಕೊಟ್ಟದ್ದಕ್ಕೆ ನಿಮಗೆ ತೆರಿಗೆ ಬೀಳುವುದಿಲ್ಲ. ಆದರೆ ಓದು ಮುಗಿದ ಮೇಲೆ ಇಷ್ಟು ದಿನ ಕೆಲಸ ಬಿಡಬಾರದು ಅನ್ನುವ ಷರತ್ತು ಇದೆಯಾ ನೋಡಿಕೊಳ್ಳಿ. ನನಗಿತ್ತು. ಆ ಒಂದೂವರೆ ವರ್ಷ ಕಾದದ್ದು ಅದಕ್ಕೇ.

ಪಿಎಚ್.ಡಿ. ಸಂಬಳಕ್ಕಾಗಿ ಬೇಡ. ಐದಾರು ವರ್ಷ ಸ್ಟೈಪೆಂಡ್‌ನಲ್ಲಿ ಬದುಕಬೇಕು, ಬಿಟ್ಟ ಸಂಬಳ ಬೇರೆ. ಸಂಶೋಧನೆಯ ಹುಚ್ಚಿದ್ದರೆ ಆ ಮಾತೇ ಬೇರೆ.

ಅಂದ ಹಾಗೆ, ನಿಮ್ಮದು ಮ್ಯಾನೇಜರುಗಳಿಗೆ ಕೊಡುವ ಎಲ್-1ಎ ಏನು, ವಿಶೇಷ ಪರಿಣತಿ ಇರುವವರಿಗೆ ಕೊಡುವ ಎಲ್-1ಬಿ ಏನು? ಎ ಆದರೆ ಒಟ್ಟು 7 ವರ್ಷ ಇರಬಹುದು, ಬಿ ಆದರೆ 5. ಸಂಜೆ ಕ್ಲಾಸಿನಲ್ಲಿ ಓದುವುದಾದರೆ ಬಿ ಇರುವವರು ಈ ವರ್ಷವೇ ಸೇರುವುದು ಒಳ್ಳೆಯದು.