ಓದುಗರ ಪ್ರಶ್ನೆ, ನಮ್ಮ ಉತ್ತರ: ಟ್ರೌಟ್ ಮರಿಗಳನ್ನು ಕೊಲ್ಲುವ ಸುತ್ತು ರೋಗ

ಪ್ರಶ್ನೆ: ಅಮೆರಿಕದ ಕೆಲವು ನದಿಗಳಲ್ಲಿ ಟ್ರೌಟ್ ಮೀನಿನ ಮರಿಗಳು ಬುಗುರಿಯಂತೆ ಗಿರಗಿರನೆ ಸುತ್ತುತ್ತಾ ಸಾಯುತ್ತವೆ ಎಂದು ಓದಿದೆ. ಇದು ಯಾವ ರೋಗ? ಸಾಕಣೆಯ ಕೊಳದ ಮಾತು ಬೇರೆ, ಹರಿಯುವ ನದಿಯಲ್ಲಿ ಇದು ಹರಡುವುದು ಹೇಗೆ?

ಉತ್ತರ: ಇದು ‘ವರ್ಲಿಂಗ್ ಡಿಸೀಸ್’ ಎಂದು ಹೆಸರಾದ ರೋಗ. ಮಿಕ್ಸೋಬೋಲಸ್ ಸೆರೆಬ್ರಾಲಿಸ್ ಎಂಬ ಸೂಕ್ಷ್ಮ ಪರಾವಲಂಬಿ ಇದಕ್ಕೆ ಕಾರಣ. ಅದು ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ಜೆಲ್ಲಿಮೀನುಗಳ ದೂರದ ಬಂಧುವೆಂದರೆ ನಂಬುವುದು ಕಷ್ಟ. ಸೋಂಕು ಒಂದು ಮೀನಿನಿಂದ ಇನ್ನೊಂದಕ್ಕೆ ನೇರವಾಗಿ ತಗಲುವುದಿಲ್ಲ. ಸೋಂಕಿತ ಮೀನು ಸತ್ತು ಕೊಳೆತಾಗ ಅದರ ದೇಹದಲ್ಲಿದ್ದ ಬೀಜಾಣುಗಳು ನದಿಯ ತಳ ಸೇರುತ್ತವೆ. ಕೆಸರಿನಲ್ಲಿ ವಾಸಿಸುವ ಟ್ಯೂಬಿಫೆಕ್ಸ್ ಎಂಬ ಸಪೂರ ಹುಳು ಅವನ್ನು ನುಂಗುತ್ತದೆ. ಹುಳುವಿನ ಕರುಳಿನಲ್ಲಿ ಕೆಲವು ತಿಂಗಳು ಬೆಳೆದ ಪರಾವಲಂಬಿಯು ಮೂರು ಕವಲಿನ ಬೇರೆಯದೇ ರೂಪ ತಳೆದು ನೀರಿಗೆ ಬಂದು, ತೇಲುತ್ತಾ ಹೋಗಿ ಟ್ರೌಟ್ ಮರಿಯ ಚರ್ಮಕ್ಕೆ ಅಂಟಿ ಒಳನುಗ್ಗುತ್ತದೆ. ಇವೆರಡೂ ಒಂದೇ ಜೀವಿಯ ರೂಪಗಳೆಂದು 1984ರಲ್ಲಿ ಪ್ರಕಟವಾಗುವವರೆಗೆ ಪ್ರಾಣಿಶಾಸ್ತ್ರಜ್ಞರು ಅವನ್ನು ಎರಡು ಬೇರೆ ವರ್ಗಗಳಲ್ಲಿ ಇರಿಸಿದ್ದರು.

ಒಳಹೊಕ್ಕ ಪರಾವಲಂಬಿಗೆ ಬೇಕಾದುದು ಮೃದ್ವಸ್ಥಿ. ಹಾಗಾಗಿ ಮೂಳೆ ಇನ್ನೂ ಗಟ್ಟಿಯಾಗದ, ಮೊಟ್ಟೆಯೊಡೆದು ಕೆಲವೇ ವಾರಗಳಾದ ಮರಿಗಳಿಗೆ ಅಪಾಯ ಹೆಚ್ಚು. ಅವುಗಳ ಬಾಲ ಕಪ್ಪಾಗುತ್ತದೆ, ತಲೆಬುರುಡೆ ಮತ್ತು ಬೆನ್ನೆಲುಬು ಸೊಟ್ಟಗಾಗುತ್ತವೆ. ಬೆನ್ನುಹುರಿ ಹಾಗೂ ಮಿದುಳುಕಾಂಡದ ಮೇಲೆ ಒತ್ತಡ ಬಿದ್ದು ಈಜಿನ ಹಿಡಿತ ತಪ್ಪುತ್ತದೆ.

ನದಿಯ ಹರಿವು ಬೀಜಾಣುಗಳನ್ನು ಕೆಳಕ್ಕೆ ಒಯ್ಯಬಲ್ಲದೇ ಹೊರತು ಬೆಟ್ಟದಾಚೆಯ ಇನ್ನೊಂದು ನದಿಗಲ್ಲ. ಮೀನು ತಿಂದ ಹಕ್ಕಿಗಳ ಹಿಕ್ಕೆಯಲ್ಲಿ ಅವು ಜೀವಂತವಾಗಿ ಹೊರಬೀಳಬಹುದಾದರೂ, ದೂರದೂರಕ್ಕೆ ರೋಗವನ್ನು ಕೊಂಡೊಯ್ದವರು ಮುಖ್ಯವಾಗಿ ಮನುಷ್ಯರೇ. ಯುರೋಪಿನ ಬ್ರೌನ್ ಟ್ರೌಟ್ ಈ ಪರಾವಲಂಬಿಯೊಡನೆ ಬಹುಕಾಲದಿಂದ ಹೊಂದಿಕೊಂಡು ಬದುಕಿತ್ತು. ಉತ್ತರ ಅಮೆರಿಕದಿಂದ ರೇನ್‌ಬೋ ಟ್ರೌಟ್ ಅನ್ನು ತಂದು ಸಾಕತೊಡಗಿದ ಮೇಲೆ, 1893ರಲ್ಲಿ ಜರ್ಮನಿಯಲ್ಲಿ, ರೋಗ ಮೊದಲ ಬಾರಿಗೆ ಗಮನಕ್ಕೆ ಬಂತು. 1950ರ ದಶಕದಲ್ಲಿ ಅದು ಪೆನ್ಸಿಲ್ವೇನಿಯಾದಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ, ಗಾಳದ ಮೀನುಗಾರಿಕೆಗೆಂದು ಸಾಕಣೆ ಕೇಂದ್ರಗಳ ಮೀನುಗಳನ್ನು ನದಿನದಿಗೆ ತಂದು ಬಿಡುವ ಪದ್ಧತಿಯೇ ರೋಗಕ್ಕೆ ದಾರಿಯಾಯಿತು.

ಪ್ರಶ್ನೆ: ಇದರಿಂದ ಕಾಡುಮೀನುಗಳ ಸಂಖ್ಯೆ ನಿಜಕ್ಕೂ ಕುಸಿದಿದೆಯೇ?

ಉತ್ತರ: ಕೆಲವು ಕಡೆ ತೀವ್ರವಾಗಿ ಕುಸಿದಿದೆ, ಕೆಲವು ಕಡೆ ಏನೂ ಆಗಿಲ್ಲ. ಮೊಂಟಾನಾದ ಮ್ಯಾಡಿಸನ್ ನದಿಯ ಮೇಲ್ಭಾಗದಲ್ಲಿ 1990ರ ದಶಕದ ಮೊದಲ ವರ್ಷಗಳಲ್ಲಿ ರೇನ್‌ಬೋ ಟ್ರೌಟ್ ಸುಮಾರು ಶೇಕಡಾ 90ರಷ್ಟು ಇಳಿಯಿತು. 1994ರಲ್ಲಿ ಅಲ್ಲಿ ರೋಗ ಪತ್ತೆಯಾಯಿತು. ಅದೇ ನೀರಿನಲ್ಲಿದ್ದ ಬ್ರೌನ್ ಟ್ರೌಟ್‌ಗೆ ಅಂಥ ಪೆಟ್ಟು ಬೀಳಲಿಲ್ಲ. ಸಾಯುವುದು ಮರಿಗಳಾದುದರಿಂದ, ನದಿಯಲ್ಲಿ ದೊಡ್ಡ ಮೀನುಗಳು ಕೆಲವು ವರ್ಷ ಎಂದಿನಂತೆ ಗಾಳಕ್ಕೆ ಸಿಗುತ್ತಲೇ ಇರುತ್ತವೆ. ಅವು ಮುದಿಯಾಗಿ ಸತ್ತಾಗ ಆ ಜಾಗ ತುಂಬಲು ಹೊಸ ಪೀಳಿಗೆಯೇ ಇರುವುದಿಲ್ಲ. ಸುತ್ತುವ ಮೀನಿಗಾಗಿ ದಡದಲ್ಲಿ ಕಾಯುವುದಕ್ಕಿಂತ ವರ್ಷವರ್ಷವೂ ಮರಿಗಳ ಲೆಕ್ಕ ಇಡುವುದೇ ನನ್ನ ದೃಷ್ಟಿಯಲ್ಲಿ ಹೆಚ್ಚು ಉಪಯುಕ್ತ, ಏಕೆಂದರೆ ರೋಗಿ ಮರಿಯನ್ನು ಯಾರಾದರೂ ನೋಡುವ ಮೊದಲೇ ಹಕ್ಕಿಯೋ ದೊಡ್ಡ ಮೀನೋ ಅದನ್ನು ತಿಂದು ಮುಗಿಸಿರುತ್ತದೆ.

ಯೆಲ್ಲೊಸ್ಟೋನ್ ಸರೋವರದ ಉದಾಹರಣೆ ಇನ್ನಷ್ಟು ಜಟಿಲವಾದುದು. ಸರೋವರದಿಂದ ಪೆಲಿಕನ್ ಕ್ರೀಕ್ ಎಂಬ ತೊರೆಯನ್ನೇರಿ ಮೊಟ್ಟೆಯಿಡಲು ಒಂದು ಕಾಲಕ್ಕೆ ಸಾವಿರಾರು ಕಟ್‌ಥ್ರೋಟ್ ಟ್ರೌಟ್‌ಗಳು ಬರುತ್ತಿದ್ದವು. ರೋಗ ಬಂದ ಮೇಲೆ ಆ ಪಯಣ ನಿಂತೇಹೋಯಿತು. ಆದರೆ ಇಡೀ ಸರೋವರದ ಕುಸಿತಕ್ಕೆ ರೋಗವನ್ನೊಂದನ್ನೇ ದೂರುವುದು ನ್ಯಾಯವಲ್ಲ, ಹೊರಗಿನಿಂದ ತಂದುಬಿಟ್ಟ ಲೇಕ್ ಟ್ರೌಟ್ ಎಂಬ ಬೇಟೆಗಾರ ಮೀನಿನ ಪಾಲು ಅದರಲ್ಲಿ ದೊಡ್ಡದು. ಕಾರಣ ಯಾವುದಾದರೇನು, ತೊರೆಯ ಆಳವಿಲ್ಲದ ನೀರಿನಲ್ಲಿ ಮೀನು ಹಿಡಿಯುತ್ತಿದ್ದ ಗ್ರಿಜ್ಲಿ ಕರಡಿಗಳು ಬೇರೆ ಆಹಾರ ಹುಡುಕಬೇಕಾಯಿತು.

ಪ್ರಶ್ನೆ: ನದಿಗೆ ಔಷಧ ಹಾಕಿ ಇದನ್ನು ನಿರ್ಮೂಲ ಮಾಡಲಾಗದೇ?

ಉತ್ತರ: ಆಗದು. ಸೋಂಕು ತಗಲಿದ ಮೀನಿಗೆ ಚಿಕಿತ್ಸೆಯಿಲ್ಲ, ಬೀಜಾಣುಗಳು ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಕೆನಡಾದಲ್ಲಿ 2016ರಲ್ಲಿ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ಜಾನ್ಸನ್ ಸರೋವರದಲ್ಲಿ ಮೊದಲು ಪತ್ತೆಯಾದ ರೋಗವು ಆಲ್ಬರ್ಟಾ ಪ್ರಾಂತ್ಯದ ಹಲವು ನದಿಗಳಲ್ಲೂ ಇರುವುದು ಬೇಗನೆ ತಿಳಿದುಬಂತು. ಭರವಸೆಯ ಸಂಗತಿ ಬಂದದ್ದು ಜರ್ಮನಿಯಿಂದ: ಅಲ್ಲಿನ ಸಾಕಣೆ ಕೇಂದ್ರವೊಂದರಲ್ಲಿ ತಲೆಮಾರುಗಳ ಕಾಲ ಈ ಪರಾವಲಂಬಿಯ ನಡುವೆಯೇ ಬೆಳೆದ, ಹೋಫರ್ ಎಂಬ ರೇನ್‌ಬೋ ತಳಿ ರೋಗವನ್ನು ತಡೆದುಕೊಳ್ಳಬಲ್ಲದೆಂದು ಕಂಡುಬಂತು. ಸಾಕಿದ ಮೀನಾದುದರಿಂದ ಕಾಡುನದಿಯಲ್ಲಿ ಬಾಳುವ ಜಾಣ್ಮೆ ಅದಕ್ಕೆ ಕಡಿಮೆ; ಆದಕಾರಣ ಕೊಲರಾಡೊದ ಮೀನುತಜ್ಞರು ಅದನ್ನು ತಮ್ಮ ನದಿಗಳ ತಳಿಗಳೊಡನೆ ಮಿಶ್ರಗೊಳಿಸಿ ಬಿಡುತ್ತಿದ್ದಾರೆ.

ಪ್ರಶ್ನೆ: ಇಂಥ ಮೀನನ್ನು ತಿನ್ನಬಹುದೇ?

ಉತ್ತರ: ಈ ಪರಾವಲಂಬಿ ಮನುಷ್ಯರಿಗೆ ಸೋಂಕುವುದಿಲ್ಲ. ಆದರೆ ಬೀಜಾಣುಗಳು ಹೆಚ್ಚಾಗಿ ತಲೆ ಮತ್ತು ಮೂಳೆಗಳಲ್ಲಿರುವುದರಿಂದ, ಮೀನನ್ನು ಹಸನು ಮಾಡಿದ ಮೇಲೆ ಅವನ್ನು ಯಾವುದೇ ನೀರಿಗೆ ಎಸೆಯದೆ ಕಸದೊಡನೆ ವಿಲೇವಾರಿ ಮಾಡಬೇಕು. ಬೂಟು, ಬಲೆ, ದೋಣಿಗಳಿಗೆ ಮೆತ್ತಿದ ಕೆಸರನ್ನು ತೊಳೆದು ಚೆನ್ನಾಗಿ ಒಣಗಿಸಿದ ನಂತರವೇ ಇನ್ನೊಂದು ನದಿಗೆ ಇಳಿಯಬೇಕು.