ತಹತಹ ಯಾವಾಗ, ತವಕ ಯಾವಾಗ?

ಪ್ರಶ್ನೆ: ನೀರಿನ ಬಿಲ್ ಬಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೆ ಪತ್ರ ಬರೆದು, ಕೊನೆಗೆ ‘ನಿಮ್ಮ ಉತ್ತರಕ್ಕಾಗಿ ತಹತಹಿಸುತ್ತಿದ್ದೇನೆ’ ಎಂದು ಸೇರಿಸಿದೆ. ಎಲ್ಲರೂ ನಕ್ಕರು. ತಹತಹ, ತವಕ, ಹಂಬಲ ಎಲ್ಲ ಒಂದೇ ಅಲ್ವಾ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ನಾನೂ ನಕ್ಕೆ, ಕ್ಷಮಿಸಿ. ವ್ಯಾಕರಣದಲ್ಲಿ ತಪ್ಪಿಲ್ಲ. ನೀರಿನ ಬಿಲ್ಲಿಗೆ ಅಷ್ಟು ಸಂಕಟ ಜಾಸ್ತಿಯಾಯಿತು, ಅಷ್ಟೇ.

ದೀಪಾವಳಿ ಹಿಂದಿನ ರಾತ್ರಿ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಹೋದ ವರ್ಷ ನನ್ನ ಪಕ್ಕದಲ್ಲಿ ಒಬ್ಬ ಹುಡುಗ, ಶಿವಮೊಗ್ಗದ ಕಡೆಯವನಿರಬೇಕು, ಬ್ಯಾಗಿನ ಮೇಲೆ ಕೂರುತ್ತಾನೆ, ಏಳುತ್ತಾನೆ, ಬರುವ ಒಂದೊಂದು ಬಸ್ಸಿನ ಬೋರ್ಡೂ ಓದುತ್ತಾನೆ, ಮೊಬೈಲ್ ತೆಗೆದು ಗಂಟೆ ನೋಡಿ ಜೇಬಿಗಿಟ್ಟು ಅರ್ಧ ನಿಮಿಷಕ್ಕೆ ಮತ್ತೆ ತೆಗೆಯುತ್ತಾನೆ. ಅದು ತಹತಹ. ಆಸೆ ಮನಸ್ಸಿನದು, ಕಾಟ ಮೈಗೆ. ಅವನ ಬಸ್ಸು ಒಳಗೆ ತಿರುಗಿದ್ದು ಕಂಡಿತು ನೋಡಿ, ನಿಲ್ಲುವ ಮೊದಲೇ ಬಾಗಿಲ ಹತ್ತಿರ ಓಡಿದ. ಅದು ತವಕ. ಬೇಕಾದದ್ದು ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗಿನ ಆತುರ. ಊರಲ್ಲೇ ಮನೆ ಕಟ್ಟಿ ಇದ್ದುಬಿಡಬೇಕು ಅಂತ ಅವನಿಗೆ ವರ್ಷಗಟ್ಟಲೆ ಅನಿಸುತ್ತಿದ್ದರೆ ಅದು ಹಂಬಲ. ಹಂಬಲ ಇಟ್ಟುಕೊಂಡು ದಿನಾ ಆಫೀಸಿಗೆ ಹೋಗಿಬರಬಹುದು. ತಹತಹ ಹತ್ತಿದರೆ ಒಂದು ಮೀಟಿಂಗಿನಲ್ಲೂ ಕೂರಲು ಆಗುವುದಿಲ್ಲ.

ರೂಪ ಸುಲಭ. ಧಗಧಗ, ಥಳಥಳ ಇದ್ದ ಹಾಗೆ ಇದೂ ಜೋಡಿ ಪದ. ‘ಇಸು’ ಸೇರಿದರೆ ಧಗಧಗಿಸು, ತಹತಹಿಸು. ಆದರೆ ಒಂದು ಕಡೆ ಎಡವುವವರು ಬಹಳ. ‘ಅಮ್ಮನನ್ನು ಹಂಬಲಿಸಿದ’ ಅನ್ನಬಹುದು, ‘ಅಮ್ಮನನ್ನು ತಹತಹಿಸಿದ’ ಅನ್ನುವುದಿಲ್ಲ. ‘ಅಮ್ಮನಿಗಾಗಿ ತಹತಹಿಸಿದ’ ಅನ್ನಬೇಕು, ಇಲ್ಲವೇ ‘ಅಮ್ಮನನ್ನು ನೋಡಲು’ ಅನ್ನಬೇಕು.

ನೀವು ಕೇಳದಿದ್ದರೂ ಇನ್ನೆರಡು ಹೇಳಿಬಿಡುತ್ತೇನೆ. ಕಾತರ ಸಂಸ್ಕೃತದ ಪದ, ಅಲ್ಲಿ ಅದಕ್ಕೆ ಅಂಜುವವನು ಎಂಬ ಅರ್ಥವೂ ಇದೆ. ಆ ಅಳುಕು ಕನ್ನಡದಲ್ಲೂ ಸ್ವಲ್ಪ ಉಳಿದಿದೆ. ಪಿಯುಸಿ ಫಲಿತಾಂಶದ ದಿನ ಅಪ್ಪ ಅಮ್ಮಂದಿರ ಮುಖ ನೋಡಿದರೆ ಗೊತ್ತಾಗುತ್ತದೆ. ಹಪಹಪಿ ಬಳಸುವಾಗ ಮಾತ್ರ ಹುಷಾರು, ಅದರಲ್ಲಿ ದುರಾಸೆಯ ವಾಸನೆ ಇದೆ. ಅದಕ್ಕೇ ಪೇಪರಿನವರು ‘ಅಧಿಕಾರದ ಹಪಹಪಿ’ ಅಂತ ಬರೆಯುವುದು.

ನಿಮ್ಮ ಕಾರ್ಯದರ್ಶಿಗೆ ‘ಉತ್ತರಕ್ಕೆ ಕಾಯುತ್ತಿರುತ್ತೇನೆ’ ಎಂದಿದ್ದರೆ ಸಾಕಿತ್ತು. ಎರಡು ದಿನದಿಂದ ನೀರೇ ಬಂದಿಲ್ಲ ಅಂತಾದರೆ ತಹತಹ ಹಾಗೇ ಇರಲಿ.